ಗಂಗಾವತಿ–ಸಿಂಧನೂರು ಬಿಜಿಎಂಐ ಜಗಳ: ನಾವು ಮಾಡಿದ್ದು

ಗಂಗಾವತಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ ನಮ್ಮೂರ ಹುಡುಗರ ಬಿಜಿಎಂಐ ಗ್ರೂಪಿಗೆ ಅಡ್ಮಿನ್. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂದರೆ ಫೋನಿನಲ್ಲಿ ತಂಡ ಕಟ್ಟಿ ಆಡುವ ಗುಂಡಿನ ಆಟ. ಸಿಂಧನೂರಿನಲ್ಲೂ ಇಂಥದ್ದೇ ಒಂದು ಗ್ರೂಪ್ ಇದೆ. ರಾತ್ರಿ ಎರಡೂ ಊರಿನವರು ಸೇರಿ ಕಸ್ಟಮ್ ರೂಮ್ (ಕರೆದವರಷ್ಟೇ ಸೇರುವ ಮ್ಯಾಚ್) ಹಾಕಿ ಆಡುತ್ತಾರೆ. ಮ್ಯಾಚ್ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಜಗಳ. ಮೊದಮೊದಲು ‘ನೂಬ್’ (ಆಡಲು ಬಾರದವನು), ‘ಬಾಟ್’ (ಕಂಪ್ಯೂಟರ್ ಆಡಿಸುವ ಬೊಂಬೆ) ಅಂತ ರೇಗಿಸುತ್ತಿದ್ದರು. ಬರಬರುತ್ತ ಅವ್ವ, ಅಕ್ಕನ ಹೆಸರು ಎತ್ತಿದರು. ಒಂದು ರಾತ್ರಿ ಜಾತಿ ಹೆಸರೂ ಬಂತು. ಬೆಳಿಗ್ಗೆ ಸಿಂಧನೂರಿನ ಅಡ್ಮಿನ್‌ಗೆ ಫೋನ್ ಮಾಡಿ, "ಅಣ್ಣಾ, ಫೋನಿನ್ಯಾಗ ಇದು ಬಗೆಹರಿಯಂಗಿಲ್ಲ, ಒಮ್ಮಿ ಕೂಡೋಣ" ಅಂದೆ. ಇಬ್ಬರಿಗೂ ನಡುವೆ ಆಗುತ್ತದೆ ಅಂತ ಕಾರಟಗಿಯ ಒಂದು ಚಹಾ ಅಂಗಡಿಯಲ್ಲಿ ಕೂತೆವು.

ಹಳೇ ಮೆಸೇಜ್ ಎಲ್ಲ ತೆಗೆದು ನೋಡಿದರೆ ಮುಕ್ಕಾಲು ಜಗಳ ಶುರುವಾಗಿದ್ದು ಒಂದೇ ಮಾತಿನಿಂದ: "ಅವ ಹ್ಯಾಕ್ ಹಾಕ್ಯಾನ." ಅಂದರೆ ಮೋಸದ ಸಾಫ್ಟ್‌ವೇರ್ ಹಾಕಿಕೊಂಡು ಆಡುತ್ತಿದ್ದಾನೆ ಅಂತ. ಸಾಕ್ಷಿ ಅಂತ ಹತ್ತು ಸೆಕೆಂಡಿನ ಕ್ಲಿಪ್. ನಮ್ಮ ಹುಡುಗ ಓಡಿ ಗೋಡೆ ಹಿಂದೆ ಹೋಗಿದ್ದಾನೆ, ಆದರೂ ಗುಂಡು ಬಿದ್ದಿದೆ. ನೋಡಿದವರಿಗೆ ಸಿಟ್ಟು ಬರಲೇಬೇಕು.

ಆ ಮ್ಯಾಚ್‌ನ ಸ್ಕ್ರೀನ್ ರೆಕಾರ್ಡಿಂಗ್ ಸಿಂಧನೂರಿನ ಹುಡುಗನ ಹತ್ತಿರವೂ ಇತ್ತು. ಎರಡು ಫೋನ್ ಪಕ್ಕಪಕ್ಕ ಇಟ್ಟು ಓಡಿಸಿದೆವು. ನಮ್ಮವನ ಫೋನಿನಲ್ಲಿ ಅವನು ಗೋಡೆ ಹಿಂದೆ ಇದ್ದಾನೆ. ಅವರ ಫೋನಿನಲ್ಲಿ ಇನ್ನೂ ಗೋಡೆಯ ಹೊರಗೇ ಇದ್ದಾನೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇದು ಪಿಂಗ್‌ನ ಆಟ. ಫೋನಿನಿಂದ ಸರ್ವರ್‌ಗೆ ಸುದ್ದಿ ಹೋಗಿ ಬರಲು ಹಿಡಿಯುವ ಸಮಯವೇ ಪಿಂಗ್. ಒಬ್ಬನಿಗೆ 40 ಮಿಲಿಸೆಕೆಂಡ್, ಇನ್ನೊಬ್ಬನಿಗೆ 200 ಇದ್ದರೆ ಒಂದೇ ಕ್ಷಣ ಇಬ್ಬರಿಗೂ ಬೇರೆ ಬೇರೆ ಕಾಣುತ್ತದೆ. ಇದರ ಮೇಲೆ ನಮ್ಮ ಕಡೆಯ ಬೇಸಿಗೆ ಬೇರೆ. ಫೋನ್ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಏಪ್ರಿಲ್, ಮೇನಲ್ಲಿ "ಗೇಮ್ ಆಡುವಾಗ ಹ್ಯಾಂಗ್ ಆಗ್ತೈತಿ" ಅಂತ ನನ್ನ ಅಂಗಡಿಗೆ ಬರುವವರು ಜಾಸ್ತಿ. ಅದನ್ನೂ ಎದುರಾಳಿಯ ತಲೆಗೆ ಕಟ್ಟಿದರೆ ಹೇಗೆ?

ಹ್ಯಾಕರ್‌ಗಳೇ ಇಲ್ಲ ಅಂತಲ್ಲ, ಇದ್ದಾರೆ. ಅದಕ್ಕೇ ಒಂದು ದಾರಿ ಮಾಡಿದೆವು. ದೂರನ್ನು ಗ್ರೂಪಿನಲ್ಲಿ ಹಾಕುವಂತಿಲ್ಲ, ಇಬ್ಬರೂ ಅಡ್ಮಿನ್‌ಗಳಿಗೆ ಕಳಿಸಬೇಕು. ಕ್ಲಿಪ್ ಅಲ್ಲ, ಇಡೀ ಮ್ಯಾಚ್‌ನ ರೆಕಾರ್ಡಿಂಗ್ ಬೇಕು. ಎರಡೂ ಕಡೆಯದು ನೋಡದೆ ತೀರ್ಪಿಲ್ಲ. ನಿಜಕ್ಕೂ ಅನುಮಾನ ಬಂದರೆ ಆಟದೊಳಗೇ ರಿಪೋರ್ಟ್ ಮಾಡುತ್ತೇವೆ, ಅಂಥವನನ್ನು ನಮ್ಮ ರೂಮ್‌ಗೆ ಕರೆಯುವುದಿಲ್ಲ. ಮ್ಯಾಚ್ ಮುಗಿದ ಕೂಡಲೇ ಗ್ರೂಪಿಗೆ ಬೀಗ: ಬೆಳಗಿನವರೆಗೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕಬಹುದು. ವಾಟ್ಸಾಪ್‌ನಲ್ಲಿ ಆ ಸೆಟ್ಟಿಂಗ್ ಇದೆ, ಬಳಸುವವರು ಕಡಿಮೆ. ಜಾತಿ, ಧರ್ಮದ ಮಾತು ಎತ್ತಿದವನಿಗೆ ಎಚ್ಚರಿಕೆ ಗಿಚ್ಚರಿಕೆ ಇಲ್ಲ, ನೇರ ಹೊರಗೆ. ನನ್ನ ಸಂಬಂಧಿಕರ ಹುಡುಗನೊಬ್ಬ ಹಾಗೇ ಹೋದ. ಅವರ ಮನೆಯವರು ಈಗಲೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ.

ಎಂಟ್ರಿ ಫೀ ತೆಗೆದುಹಾಕಿದೆವು. ತಲೆಗೆ 50 ರೂಪಾಯಿ ಕಟ್ಟಿದವನಿಗೆ ಸೋಲು ನುಂಗಲು ಆಗುವುದಿಲ್ಲ. 2025ರಲ್ಲಿ ಕೇಂದ್ರದ ಹೊಸ ಕಾನೂನು ಇ-ಸ್ಪೋರ್ಟ್ಸ್‌ಗೆ (ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗೆ) ಮಾನ್ಯತೆ ಕೊಟ್ಟು, ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ನಮಗೆ ಬದಲಾಯಿಸಲು ಏನೂ ಉಳಿದಿರಲಿಲ್ಲ.

ಇಷ್ಟೆಲ್ಲ ನಿಯಮಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸ್ಕ್ವಾಡ್ (ತಂಡ) ಕಲಸಿದ್ದು. ಭಾನುವಾರದ ರೂಮ್‌ನಲ್ಲಿ ನಾಲ್ವರ ಸ್ಕ್ವಾಡ್‌ಗೆ ಗಂಗಾವತಿಯ ಇಬ್ಬರು, ಸಿಂಧನೂರಿನ ಇಬ್ಬರು, ಅದೂ ಚೀಟಿ ಎತ್ತಿ. ಮೊದಲ ಸ್ಥಾನಕ್ಕೆ 10 ಪಾಯಿಂಟ್, ಎರಡನೆಯದಕ್ಕೆ 6, ಒಂದು ಫಿನಿಶ್‌ಗೆ (ಒಬ್ಬ ಎದುರಾಳಿಯನ್ನು ಆಟದಿಂದ ಹೊರಹಾಕಿದರೆ) 1. ಬಿಜಿಎಂಐನಲ್ಲಿ ಗುಂಡು ತಗುಲಿ ನಾಕ್ ಆಗಿ ಬಿದ್ದವನು ತೆವಳಬಹುದು ಅಷ್ಟೇ. ಜೊತೆಗಾರ ಬಂದು ರಿವೈವ್ ಮಾಡಬೇಕು, ಅಂದರೆ ಎತ್ತಿ ನಿಲ್ಲಿಸಬೇಕು. ನಿನ್ನೆ ಯಾರ ಅವ್ವನಿಗೆ ಬೈದಿದ್ದನೋ ಅವನನ್ನೇ ಮೈಕ್‌ನಲ್ಲಿ "ಬಾರಪ್ಪೋ, ಎತ್ತೋ ನನ್ನ, ಮರದ ಹಿಂದ ಅದೀನಿ" ಅಂತ ಕರೆಯಬೇಕು! ಒಬ್ಬ ಮಾತ್ರ ಬೇಕಂತಲೇ ಎತ್ತದೆ ಓಡಿಹೋದ. ಆ ಸ್ಕ್ವಾಡ್ ಕೊನೆಯ ಸ್ಥಾನಕ್ಕೆ ಬಿತ್ತು, ಅವನಿಗೆ ಅವನ ಊರಿನವನೇ ಬೈದ.

ಎಲ್ಲ ಸರಿಹೋಗಿದೆ ಅಂತ ನಾನು ಹೇಳುವುದಿಲ್ಲ. ಊರು ಊರಿಗೆ ಮ್ಯಾಚ್ ಇದ್ದ ದಿನ ಈಗಲೂ ಬಿಸಿ ಏರುತ್ತದೆ. ಎರಡೂ ಕಡೆಯ ಲೀಡರ್‌ಗಳು ಒಂದೇ ಸ್ಕ್ವಾಡ್‌ಗೆ ಬರಲು ಒಪ್ಪುತ್ತಿಲ್ಲ. ಅವರಿಬ್ಬರ ಚೀಟಿಯನ್ನು ಈಗ ಬೇರೆ ಬೇರೆ ಡಬ್ಬಿಯಲ್ಲಿ ಹಾಕುತ್ತೇವೆ.