ನಾಯಿ ಬೇರೆ ಮನೆಗೆ ಹೋಗುವಾಗ ಅದರ ಕೌದಿ ತೊಳೀಬೇಡಿ
ಸಾಕಿದ ನಾಯಿಯನ್ನು ಬೇರೆಯವರಿಗೆ ಕೊಡಲೇಬೇಕಾಗಿ ಬಂದರೆ, ಅದು ದಿನಾ ಮಲಗುವ ಹಳೇ ಕೌದಿಯನ್ನು ತೊಳೆಯದೆ ಹಾಗೇ ಜೊತೆಗೆ ಕಳಿಸಿ. ನಾಯಿಗೆ ಮನೆ ಅಂದರೆ ಮೊದಲು ವಾಸನೆ. ತನ್ನದೇ ವಾಸನೆಯ ಒಂದು ಜಾಗ ಸಿಕ್ಕರೆ ಹೊಸ ಮನೆಯಲ್ಲಿ ಮೂಲೆ ಹಿಡಿದು ಕೂರುವುದು, ರಾತ್ರಿಯೆಲ್ಲಾ ಊಳಿಡುವುದು ಕಡಿಮೆಯಾಗುತ್ತದೆ. ಊಟವನ್ನೂ ಒಮ್ಮೆಲೇ ಬದಲಿಸಬೇಡಿ ಅಂತ ಹೇಳಿಬಿಡಿ. ಹಾಲು, ಜೋಳದ ರೊಟ್ಟಿ ತಿಂದು ಬೆಳೆದದ್ದಕ್ಕೆ ದಿಢೀರಂತ ಅಂಗಡಿಯ ಒಣ ಆಹಾರ ಹಾಕಿದರೆ ಹೊಟ್ಟೆ ಕೆಡಬಹುದು. ಒಂದು ವಾರ ಸ್ವಲ್ಪ ಸ್ವಲ್ಪವೇ ಬೆರೆಸಲಿ. ರೇಬೀಸ್ ಲಸಿಕೆಯ ಕಾರ್ಡ್ ಮರೀಬೇಡಿ. ಆದರೆ ಹೊಸ ಮನೆ ನಿಮ್ಮದೇ ಬಡಾವಣೆಯಲ್ಲಿದ್ದರೆ ಕೌದಿಯೂ ಕೆಲಸಕ್ಕೆ ಬರಲ್ಲ. ಗೇಟು ತೆರೆದದ್ದು ಕಂಡರೆ ಸೀದಾ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಅಂಥ ಕಡೆ ಮೊದಲ ಕೆಲವು ವಾರ ಹಗ್ಗವಿಲ್ಲದೆ ಹೊರಗೆ ಬಿಡಬಾರದು. ಇನ್ನು, ತೊಗರಿ ಹೊಲ ಕಾಯೋಕೆ ಬೇಕು ಅಂತ ಯಾರಾದರೂ ಕೇಳಿದರೆ ಮನೆಯೊಳಗೆ ಬೆಳೆದ ನಾಯಿಯನ್ನು ಕೊಡಬೇಡಿ, ಅದರಲ್ಲೂ ಮೇ ತಿಂಗಳಲ್ಲಿ. ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ ತಗಡಿನ ಶೆಡ್ಡಿನ ಕೆಳಗೆ ಕೌದಿ ಏನು ಮಾಡೀತು, ಅಲ್ವಾ? ಸಾಧ್ಯವಾದರೆ ಮಳೆ ಬಿದ್ದ ಮೇಲೆ ಕೊಡಿ.