ಬಿಳಿ ಗೆರೆಯ ದಾರಿಗಳು: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸದ್ದಿಲ್ಲದ ಸೈಕಲ್ ಪ್ರವಾಸ

ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬಳ್ಳಾರಿ ರಸ್ತೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ತುಳಿದವರಿಗೆ ಫ್ರಾನ್ಸಿನ ಯಾವ ರಸ್ತೆಯಾದರೂ ಮೊದಲ ದಿನ ಹಾಯೆನಿಸುತ್ತದೆ. ಅದೇ ಗುಂಗಿನಲ್ಲಿ ಫೋನು ತೋರಿಸಿದ ಕಡೆಗೆಲ್ಲ ಹೋದರೆ ಎರಡನೇ ದಿನ ಗಂಟೆಗೆ 80 ಕಿ.ಮೀ. ವೇಗದ ಲಾರಿಗಳ ಪಕ್ಕ, ಬದಿಗೆ ಸರಿಯಲು ಜಾಗವೇ ಇಲ್ಲದ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಅಲ್ಲಿಂದ ಎರಡು ಕಿ.ಮೀ. ಆಚೆ, ಅದೇ ಊರಿಗೆ ಹೋಗುವ, ಗಂಟೆಗೊಂದು ಟ್ರ್ಯಾಕ್ಟರ್ ಹಾದುಹೋಗುವ ದಾರಿ ಬಹುಪಾಲು ಇದ್ದೇ ಇರುತ್ತದೆ. ಅದನ್ನು ಹಿಂದಿನ ರಾತ್ರಿಯೇ ನಕ್ಷೆಯಲ್ಲಿ ಹುಡುಕಿಟ್ಟುಕೊಳ್ಳಬೇಕು. ಈ ಪ್ರವಾಸದಲ್ಲಿ ಅರ್ಧ ಕೆಲಸ ಅದೇ.

ನಕ್ಷೆಯಲ್ಲಿ ಏನು ನೋಡಬೇಕು

ಅಲ್ಲಿನ ರಸ್ತೆಗಳಿಗೆ ಅಕ್ಷರ ಮತ್ತು ಸಂಖ್ಯೆ ಇರುತ್ತದೆ. 'ಎ' ಅಂದರೆ ಆಟೊರೂಟ್, ಸೈಕಲ್‌ಗೆ ಪ್ರವೇಶವಿಲ್ಲ. 'ಎನ್' ರಾಷ್ಟ್ರೀಯ ಹೆದ್ದಾರಿ, ದೂರವಿರಿ. 'ಡಿ' ಜಿಲ್ಲಾ ರಸ್ತೆ. 'ಸಿ' ಊರಿನ ಆಡಳಿತದ ರಸ್ತೆ; ಎಷ್ಟೋ ಸಲ ಅದಕ್ಕೆ ಬೋರ್ಡೂ ಇರುವುದಿಲ್ಲ. 'ಡಿ' ಎಂದರೆ ಸಣ್ಣದು ಎಂದು ನಂಬಿದವರು ಮೋಸಹೋಗುತ್ತಾರೆ. 2006ರಲ್ಲಿ ಸಾವಿರಾರು ಕಿ.ಮೀ. ರಾಷ್ಟ್ರೀಯ ರಸ್ತೆಗಳನ್ನು ಜಿಲ್ಲೆಗಳಿಗೆ ವಹಿಸಲಾಯಿತು. ಬೋರ್ಡು ಬದಲಾಯಿತು, ಲಾರಿಗಳು ಅವೇ ಉಳಿದವು. ಶಾಲೋನ್‌ನಿಂದ ಮಾಕೋನ್‌ವರೆಗೆ, ಬರ್ಗಂಡಿ ಪ್ರದೇಶದಲ್ಲಿ, ಸೋನ್ ನದಿಯ ಪಕ್ಕ ಓಡುವ ಡಿ 906 ಹೀಗೆ ಹೆಸರು ಬದಲಿಸಿಕೊಂಡ ಹಳೆಯ ಎನ್ 6. 600ರ ಅಥವಾ 900ರ ಸರಣಿಯ ಇಲ್ಲವೇ ನಾಲ್ಕಂಕಿಯ 'ಡಿ' ಕಂಡರೆ ಹಳೇ ಹೆದ್ದಾರಿಯೇನೋ ಎಂದು ಅನುಮಾನಿಸಿ.

ಮಿಷೆಲಿನ್‌ನ 1:150,000 ಅಥವಾ 1:200,000 ಕಾಗದದ ನಕ್ಷೆ ಈ ಕೆಲಸಕ್ಕೆ ಇವತ್ತಿಗೂ ಯಾವ ಆ್ಯಪ್‌ಗೂ ಕಡಿಮೆಯಲ್ಲ. ಕೆಂಪು ರಸ್ತೆ ಬೇಡ. ಹಳದಿ ರಸ್ತೆಯನ್ನು ಬೇರೆ ದಾರಿ ಇಲ್ಲದಾಗ ಮಾತ್ರ ತುಸು ದೂರ ಬಳಸಿ. ಬಿಳಿ ಗೆರೆಗಳು ನಿಮ್ಮವು. ರಸ್ತೆಯ ಮೇಲೆ ಬಾಣದ ಗುರುತು ಇದ್ದರೆ ಅದು ಏರು: ಒಂದು ಬಾಣಕ್ಕೆ ಶೇ. 5ರಿಂದ 9, ಎರಡಕ್ಕೆ 9ರಿಂದ 13, ಮೂರಕ್ಕೆ 13ಕ್ಕೂ ಹೆಚ್ಚು. ಬಾಣದ ಮೊನೆ ಏರುವ ದಿಕ್ಕಿಗೆ ಇರುತ್ತದೆ. ಹೀಗೆ ಆರಿಸಿದ ದಾರಿಯನ್ನು ಆಮೇಲೆ ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆಯಲ್ಲಿ ಇಟ್ಟು ನೋಡಿ. ಸರ್ಕಾರದ ನಕ್ಷೆ ತಾಣದಲ್ಲಿ ಅದು ಉಚಿತ. ಡಾಂಬರು ಎಲ್ಲಿ ಮುಗಿದು ಹೊಲದ ಜಾಡು ಶುರುವಾಗುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನೂ ಅನುಮಾನವಿದ್ದರೆ ಸ್ಟ್ರೀಟ್ ವ್ಯೂನಲ್ಲಿ ಆ ರಸ್ತೆಗೆ ಇಳಿದು ನಟ್ಟನಡುವೆ ನೋಡಿ. ಬಿಳಿ ಪಟ್ಟಿ ಎಳೆದಿದ್ದರೆ ಓಡಾಟವಿದೆ ಎಂದೇ ಲೆಕ್ಕ. ಪಟ್ಟಿ ಇಲ್ಲ, ಎರಡು ಕಾರು ಎದುರಾದರೆ ಒಂದು ಹುಲ್ಲಿಗಿಳಿಯಬೇಕು ಅನ್ನುವಷ್ಟು ಅಗಲವಿದ್ದರೆ ಒಳ್ಳೆಯದು. ನಡುವೆ ಹುಲ್ಲೇ ಬೆಳೆದಿದ್ದರೆ ಹಿಂದೆಮುಂದೆ ನೋಡದೆ ಆರಿಸಿಕೊಳ್ಳಿ.

ಬಿಳಿ ಗೆರೆಯೂ ಕೈಕೊಡುವುದುಂಟು. ಎರಡು ದೊಡ್ಡ ರಸ್ತೆಗಳ ನಡುವೆ ಅಡ್ಡದಾರಿಯಾದರೆ ಸ್ಥಳೀಯರೆಲ್ಲ ಅದರಲ್ಲೇ ನುಗ್ಗುತ್ತಾರೆ. ಲೋತ್, ದೊರ್ದೊನ್ಯಂಥ ಕಿರಿದಾದ ನದಿ ಕಣಿವೆಗಳಲ್ಲಿ ತಳದ ಸಮತಟ್ಟು ರಸ್ತೆಗೇ ಎಲ್ಲ ವಾಹನಗಳೂ ಬೀಳುತ್ತವೆ, ಬೇಸಿಗೆಯಲ್ಲಂತೂ ಕ್ಯಾಂಪರ್ ವ್ಯಾನುಗಳ ಸಾಲು. ಖಾಲಿ ದಾರಿ ಮೇಲಿನ ಬಯಲಲ್ಲಿರುತ್ತದೆ. ಅದಕ್ಕೆ ಏರು ಹತ್ತಲೇಬೇಕು. ಒಟ್ಟಾರೆ ನೇರ ದಾರಿಗಿಂತ ಕಾಲು ಭಾಗ ಹೆಚ್ಚು ದೂರ ಇಟ್ಟುಕೊಳ್ಳಿ. ಬಿಆರ್‌ಎಂ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, 'ಬ್ರೆವೆ') ಮಾಡಿದವರು, 13.5 ಗಂಟೆಯಲ್ಲಿ 200 ಕಿ.ಮೀ. ಮುಗಿಸಿದ ಹುಮ್ಮಸ್ಸಿನಲ್ಲಿ, ದಿನಕ್ಕೆ 120 ಕಿ.ಮೀ. ಬರೆದುಕೊಳ್ಳುತ್ತಾರೆ. ಬ್ರೆವೆಯ ಪದ್ಧತಿ ಪ್ಯಾರಿಸ್ಸಿನಿಂದಲೇ ಬಂದದ್ದು ನಿಜ, ಆದರೆ ಹೊರೆ ಹೊತ್ತ ಸೈಕಲ್‌ಗೆ ಸಮತಟ್ಟಿನಲ್ಲಿ 60ರಿಂದ 80, ಗುಡ್ಡಗಾಡಿನಲ್ಲಿ 45ರಿಂದ 55 ಕಿ.ಮೀ. ಸಾಕು.

ಯಾವ ಹೊತ್ತಿಗೆ ರಸ್ತೆ ಖಾಲಿ

ಮಧ್ಯಾಹ್ನ 12ರಿಂದ 2. ಇಡೀ ದೇಶ ಊಟಕ್ಕೆ ಕೂತಿರುತ್ತದೆ. ಹಳದಿ ರಸ್ತೆ ದಾಟಬೇಕಿದ್ದರೆ ಆ ಹೊತ್ತಿಗೆ ಇಟ್ಟುಕೊಳ್ಳಿ. ಅಂಗಡಿಗಳೂ ಅದೇ ಹೊತ್ತಿಗೆ ಮುಚ್ಚುವುದರಿಂದ ಬ್ರೆಡ್ಡು, ಹಣ್ಣು ಹನ್ನೊಂದೂವರೆಯೊಳಗೆ ಚೀಲದಲ್ಲಿರಲಿ. ಪಟ್ಟಣಗಳ ಸುತ್ತ 15 ಕಿ.ಮೀ. ಒಳಗೆ ಬೆಳಿಗ್ಗೆ 7.30ರಿಂದ 9 ಮತ್ತು ಸಂಜೆ 5ರಿಂದ 6.30 ಕೆಟ್ಟ ಹೊತ್ತು. ದೊಡ್ಡ ಊರನ್ನು ಹೊಕ್ಕು ಹೊರಡುವ ಕೆಲಸವನ್ನು ಭಾನುವಾರಕ್ಕೆ ಇಟ್ಟುಕೊಂಡರೆ ಜಾಣತನ: 7.5 ಟನ್ ಮೀರಿದ ಲಾರಿಗಳು ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ ಓಡುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. ತಿಂಗಳುಗಳಲ್ಲಿ ಮೇ ಕೊನೆಯಿಂದ ಜೂನ್, ಆಮೇಲೆ ಸೆಪ್ಟೆಂಬರ್. ಸೆಪ್ಟೆಂಬರ್‌ನಿಂದ ಬೇಟೆಯ ಕಾಲವೂ ಶುರು. ಕಾಡಿನ ಜಾಡಿನಲ್ಲಿ 'ಶಾಸ್ ಆಂ ಕೂರ್' (ಬೇಟೆ ನಡೆಯುತ್ತಿದೆ) ಎಂಬ ಬೋರ್ಡು ಕಂಡರೆ ಹಿಂತಿರುಗಿ ಡಾಂಬರಿಗೆ ಬನ್ನಿ.

ಮೊದಲ ಸಲಕ್ಕೆ: ದಕ್ಷಿಣ ಬರ್ಗಂಡಿ

'ವ್ವಾ ವೆರ್ತ್' ಎಂದರೆ ಮೋಟಾರು ವಾಹನಗಳಿಗೆ ನಿಷಿದ್ಧವಾದ ದಾರಿ, ಹೆಚ್ಚಾಗಿ ಹಳೆಯ ರೈಲುಹಳಿ ಅಥವಾ ಕಾಲುವೆಯ ದಂಡೆ. 'ವೆಲೊರೂತ್' ಅಂದರೆ ಬರೀ ಗುರುತು ಹಾಕಿದ ಸೈಕಲ್ ಮಾರ್ಗ. ಅದರಲ್ಲಿ ಕಾರುಗಳೂ ಬರಬಹುದು. ಎರಡನ್ನೂ ಒಂದೇ ಎಂದುಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಫ್ರಾನ್ಸಿನ ಮೊದಲ ವ್ವಾ ವೆರ್ತ್ 1997ರಲ್ಲಿ ತೆರೆದದ್ದು ಜಿವ್ರಿಯಿಂದ ಕ್ಲುನಿಗೆ, 44 ಕಿ.ಮೀ. ಈಗ ಶಾಲೋನ್‌ನಿಂದ ಮಾಕೋನ್‌ವರೆಗೆ ಸುಮಾರು 70 ಕಿ.ಮೀ. ಹೀಗೇ ಹೋಗಬಹುದು. ಹಳೆಯ ರೈಲುದಾರಿಯಾದ್ದರಿಂದ ಏರು ಮೊಣಕಾಲಿಗೆ ತಿಳಿಯುವುದೇ ಇಲ್ಲ. ಪಕ್ಕದಲ್ಲೇ ಓಡುವ ಡಿ 981 ಗದ್ದಲದ್ದು, ಅತ್ತ ಹೋಗಬೇಡಿ. ಜಿವ್ರಿ, ಬ್ಯುಸಿಯ ದ್ರಾಕ್ಷಿತೋಟಗಳು ಮುಗಿದ ಮೇಲೆ ಕೊರ್ಮಾತ್ಯಾಂನಲ್ಲಿ ಎಡಕ್ಕೆ ಬಿಟ್ಟು, ಬಿಳಿ ರಸ್ತೆಗಳಲ್ಲಿ ಶಾಪೇಜ್‌ನ ಹಳೆಯ ಚರ್ಚು ನೋಡಿಕೊಂಡು, ಬ್ರಾಂಸಿಯೋನ್ ಕೋಟೆಯ ದಿಣ್ಣೆ ಹತ್ತಿ ತುರ್ನ್ಯುಗೆ ಇಳಿಯಬಹುದು. ಸುಮಾರು 25 ಕಿ.ಮೀ., ನಡುವೆ ಒಂದು ಗಟ್ಟಿ ಏರು. ತುರ್ನ್ಯುನಲ್ಲಿ ರೈಲು ಸಿಗುತ್ತದೆ.

ನೇರ ಹೋಗುವವರಿಗೆ 910ರಲ್ಲಿ ಸ್ಥಾಪನೆಯಾದ ಮಠದ ಊರು ಕ್ಲುನಿ. ಅದನ್ನು ದಾಟಿದ ಮೇಲೆ ಬ್ವಾ ಕ್ಲೇರ್ ಸುರಂಗ, ಸುಮಾರು 1.6 ಕಿ.ಮೀ. ಹೊರಗೆ 33 ಡಿಗ್ರಿ ಇದ್ದರೂ ಒಳಗೆ ತಣ್ಣಗೆ ಕೊರೆಯುತ್ತದೆ. ಬೆವರಿದ ಬನಿಯನ್ನಿನ ಮೇಲೆ ಜಾಕೆಟ್ ಹಾಕಿಕೊಂಡೇ ಹೊಗಿ, ತಂಪು ಕನ್ನಡಕ ತೆಗೆಯಿರಿ, ದೀಪ ಹಚ್ಚಿ. ಚಳಿಗಾಲದಲ್ಲಿ ಬಾವಲಿಗಳು ಮಲಗುವುದರಿಂದ ಸುರಂಗ ಮುಚ್ಚಿರುತ್ತದೆ, ಆಗ ಗುಡ್ಡ ಹತ್ತಿ ಇಳಿಯುವ ದಾರಿಯೇ ಗತಿ. ವಾಪಸು ರೈಲು ಹಿಡಿಯುವಾಗ ಊರೊಳಗಿನ ಮಾಕೋನ್-ವಿಲ್ ನಿಲ್ದಾಣಕ್ಕೆ ಹೋಗಿ. ಮಾಕೋನ್-ಲೊಶೆ ಎಂಬುದು ಊರಾಚೆಯ ಟಿಜಿವಿ (ಅತಿವೇಗದ ರೈಲು) ನಿಲ್ದಾಣ, ಹೆಸರು ನೋಡಿ ಎಡವುವವರು ಬಹಳ.

ಇಷ್ಟು ನಯವಾದ ನೆಲ ಎಲ್ಲ ಕಡೆ ಇರುವುದಿಲ್ಲ. ಪ್ರಸಿದ್ಧಿ ಕೇಳಿ ದಕ್ಷಿಣದ ಕಾಲುವೆ ಕನಾಲ್ ದ್ಯು ಮಿದಿಗೆ ತೆಳು ಟಯರಿನ ಸೈಕಲ್ ಒಯ್ಯಬೇಡಿ. ತುಲೂಜ್‌ನಿಂದ ಸುಮಾರು 50 ಕಿ.ಮೀ. ಡಾಂಬರು, ಆಮೇಲೆ ಹಲವೆಡೆ ಪ್ಲೇನ್ ಮರದ ಬೇರುಗಳ ಮೇಲೆ ಕಾಲುದಾರಿ, ಮಳೆ ಬಂದರೆ ಕೆಸರು. ಲುವಾರ್ ದಂಡೆಯಲ್ಲಿ ಹೋಗುವವರು ನದಿ ಹರಿಯುವ ಪಶ್ಚಿಮಕ್ಕೆ ಇಳಿಜಾರೆಂದು ಹೊರಡುತ್ತಾರೆ. ಇಳಿಜಾರು ಗಮನಕ್ಕೆ ಬಾರದಷ್ಟು ಕಡಿಮೆ, ಎದುರುಗಾಳಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸಮುದ್ರದ ಕಡೆಯಿಂದ ಪೂರ್ವಕ್ಕೆ ಬನ್ನಿ. ರೋನ್ ಕಣಿವೆಯಲ್ಲಿ ಮಿಸ್ತ್ರಾಲ್ ಎಂಬ ಬಿರುಗಾಳಿ ಬೀಸುವುದು ಉತ್ತರದಿಂದ, ಅಲ್ಲಿ ದಕ್ಷಿಣಕ್ಕೇ ಇಳಿಯಿರಿ.

ಸೈಕಲ್

ಟಯರು 35ರಿಂದ 40 ಮಿ.ಮೀ. ಸವಾರ ಮತ್ತು ಹೊರೆ ಸೇರಿ 95 ಕೆ.ಜಿ. ಇದ್ದರೆ 40 ಮಿ.ಮೀ. ಟಯರಿಗೆ ಹಿಂದೆ 50, ಮುಂದೆ 40 ಪಿಎಸ್‌ಐ ಸುಮಾರಿಗೆ ಸರಿ. ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲುಗಳಿಗಿಂತ ಹಿಂದಿನವು ಹೆಚ್ಚಿರಬೇಕು: 30 ಮುಂದೆ, 34 ಹಿಂದೆ ಇದ್ದರೆ ಬ್ರಾಂಸಿಯೋನ್‌ನಂಥ ಏರು ಕೂತೇ ಹತ್ತಬಹುದು. ಸಾಮಾನು 12 ಕೆ.ಜಿ. ಮೀರದಿರಲಿ. ಎಲ್ಲವನ್ನೂ ಹಿಂದಿನ ಕ್ಯಾರಿಯರ್‌ಗೆ ತುಂಬಿದರೆ ಮುರಿಯುವುದು ಹಿಂದಿನ ಚಕ್ರದ ಚೈನು ಬದಿಯ ಸ್ಪೋಕು. ಹೊರಡುವ ಮೊದಲು ಮೆಕ್ಯಾನಿಕ್ ಹತ್ತಿರ ಬಿಗಿ ನೋಡಿಸಿ, ಅದೇ ಉದ್ದದ ಮೂರು ಸ್ಪೋಕು ಫ್ರೇಮಿಗೆ ಟೇಪಿನಲ್ಲಿ ಅಂಟಿಸಿಕೊಳ್ಳಿ.

ವಿಮಾನದ ಡಬ್ಬದಲ್ಲಿ ಬಗ್ಗುವ ಭಾಗ ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರು ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ತುಂಡು. ಒಂದೊಂದು ಮಾದರಿಗೂ ಅದರ ಆಕಾರ ಬೇರೆ, ಫ್ರಾನ್ಸಿನ ಸಣ್ಣೂರಲ್ಲಿ ನಿಮ್ಮದು ಸಿಗಲಾರದು. ಒಂದು ಹೆಚ್ಚಿಗೆ ಒಯ್ಯಿರಿ, ಪ್ಯಾಕ್ ಮಾಡುವಾಗ ಡಿರೇಲರ್ ಬಿಚ್ಚಿ ಬಟ್ಟೆ ಸುತ್ತಿಡಿ. ಎಡ ಪೆಡಲ್‌ನ ತಿರುಪು ಉಲ್ಟಾ ಎಂಬುದು ನೆನಪಿರಲಿ. ಹೈಡ್ರಾಲಿಕ್ ಬ್ರೇಕಾದರೆ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ತುರುಕಿ. ಇಲ್ಲವಾದರೆ ಚಕ್ರ ಬಿಚ್ಚಿದಾಗ ಲಿವರ್ ಅದುಮಿ ಹೋಗಿ ಪ್ಯಾಡು ಕಚ್ಚಿಕೊಳ್ಳುತ್ತದೆ. ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಎಡ ಲಿವರ್ ಮುಂದಿನ ಬ್ರೇಕು, ನಮ್ಮ ಸೈಕಲ್‌ಗೆ ತದ್ವಿರುದ್ಧ. ಖಾಲಿ ಮೈದಾನದಲ್ಲಿ ಹತ್ತು ಸಲ ಹಿಡಿದು ಕೈಗೆ ರೂಢಿ ಮಾಡಿಸಿ.

ಹಾಗೆಯೇ ಬಲಬದಿಯ ಸಂಚಾರ. ಪಟ್ಟಣದಲ್ಲಿ ಯಾರೂ ತಪ್ಪುವುದಿಲ್ಲ, ಸುತ್ತ ಕಾರುಗಳಿರುತ್ತವಲ್ಲ. ತಪ್ಪುವುದು ಖಾಲಿ ಹಳ್ಳಿ ರಸ್ತೆಯಲ್ಲಿ, ಫೋಟೊಗೆ ನಿಂತು ಮತ್ತೆ ಹೊರಟಾಗ. ಊರೊಳಗೆ ಬೋರ್ಡು ಇಲ್ಲದ ಅಡ್ಡರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ದಾರಿ. ಊರಾಚೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ, 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಬೇಸಿಗೆಯಲ್ಲಿ 'ಗ್ರಾವಿಯೋಂ' ಎಂಬ ಬೋರ್ಡು ಕಂಡರೆ ಹೊಸದಾಗಿ ಸುರಿದ ಜಲ್ಲಿ ಎಂದರ್ಥ: ತಿರುವಿನಲ್ಲಿ ಬ್ರೇಕ್ ಹಿಡಿಯಬೇಡಿ, ಮೊದಲೇ ವೇಗ ಇಳಿಸಿ.

ನೀರು, ಊಟ, ರಾತ್ರಿ

ಅಂಗಡಿಯಿಲ್ಲದ ಹಳ್ಳಿಯಲ್ಲೂ ಸ್ಮಶಾನದಲ್ಲಿ ನಲ್ಲಿ ಇರುತ್ತದೆ, ಹೂಗಿಡಕ್ಕೆಂದು. ಅಳುಕಬೇಡಿ, ಅಲ್ಲಿ ಸೈಕಲ್‌ನವರೆಲ್ಲ ತುಂಬಿಸಿಕೊಳ್ಳುವುದು ಅಲ್ಲೇ. 'ನೋಂ ಪೊತಾಬ್ಲ್' ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಅಂಗಡಿಗೆ ಕಾಲಿಟ್ಟ ಕೂಡಲೇ 'ಬೊಂಜೂರ್' ಅನ್ನಿ. ಅದಿಲ್ಲದೆ ನೇರ ಬ್ರೆಡ್ಡು ಕೇಳಿದರೆ ಮುಖ ಗಂಟಿಕ್ಕುತ್ತದೆ. ಸೋಮವಾರ ಬೇಕರಿಗಳಿಗೆ ರಜೆ ಹೆಚ್ಚು, ಭಾನುವಾರ ಮಧ್ಯಾಹ್ನ ಏನೂ ಸಿಗದು. ಶನಿವಾರವೇ ಎರಡು ಹೊತ್ತಿನದು ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ 'ಸಾಂ ವಿಯಾಂದ್, ಸಾಂ ಪ್ವಾಸೋಂ' (ಮಾಂಸ ಬೇಡ, ಮೀನು ಬೇಡ) ಎಂದರೆ ಸಾಲದು, 'ಸಾಂ ಲಾರ್ದೋಂ' ಎಂದೂ ಸೇರಿಸಿ. ಸಲಾಡಿನಲ್ಲಿ ಹಂದಿಮಾಂಸದ ಚೂರು ಅಡಗಿರುತ್ತದೆ. ಅನೇಕ ಹೆಸರಾಂತ ಚೀಸುಗಳಲ್ಲಿ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುವುದೂ ತಿಳಿದಿರಲಿ. ಒಲೆ ಇದ್ದರೆ ಚಿಂತೆಯಿಲ್ಲ. ಪ್ಯುಯಿ ಪ್ರದೇಶದ ಹಸಿರು ಮಸೂರ ನೆನೆಸದೆಯೇ 25 ನಿಮಿಷಕ್ಕೆ ಬೇಯುತ್ತದೆ, ಊರಿಂದ ತಂದ ಸಾರಿನ ಪುಡಿ ಹಾಕಿದರೆ ಅನ್ನಕ್ಕೆ ಒಗ್ಗುತ್ತದೆ. ತುಪ್ಪ ತರಬೇಡಿ, ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ. ಹಳ್ಳಿ ಸೂಪರ್‌ಮಾರ್ಕೆಟ್ಟಿನ ಗ್ಯಾಸ್ ಡಬ್ಬಿ ಹೆಚ್ಚಾಗಿ ಕ್ಯಾಂಪಿಂಗಾಜ್‌ನ ಚುಚ್ಚುವ ಅಥವಾ ಕ್ಲಿಕ್ ಮಾದರಿಯದು, ನಮ್ಮ ತಿರುಪಿನ ಒಲೆಗೆ ಕೂರುವುದಿಲ್ಲ. ತಿರುಪಿನ ಡಬ್ಬಿಯನ್ನು ಇಳಿದ ಊರಿನ ಡೆಕಥ್ಲಾನ್‌ನಲ್ಲೇ ಕೊಂಡುಬಿಡಿ.

ರಾತ್ರಿಗೆ 'ಕಾಂಪಿಂಗ್ ಮ್ಯುನಿಸಿಪಾಲ್', ಊರಿನ ಆಡಳಿತ ನಡೆಸುವ ಡೇರೆ ಬಯಲು: ಅಗ್ಗ, ಬಿಸಿನೀರು, ಹೆಚ್ಚಾಗಿ ನದಿಯ ಪಕ್ಕ. ಬೇಸಿಗೆ ಕಳೆದರೆ ಹಲವು ಮುಚ್ಚುತ್ತವೆ, ಹಿಂದಿನ ದಿನ ಫೋನ್ ಮಾಡಿ ಕೇಳಿ. ಛಾವಣಿ ಬೇಕೆನ್ನುವವರು 'ಅಕ್ಕೆಯ್ ವೆಲೊ' ಫಲಕ ಇರುವಲ್ಲಿ ಉಳಿಯಲಿ. ಗುರುತು ಹಾಕಿದ ಮಾರ್ಗದಿಂದ 5 ಕಿ.ಮೀ. ಒಳಗಿರುವ, ಸೈಕಲ್‌ಗೆ ಬೀಗ ಹಾಕುವ ಜಾಗ ಕೊಡುವ ಮನೆಗಳಿಗೆ ಅದು ಸಿಗುತ್ತದೆ.

ಪ್ರಾದೇಶಿಕ ಟಿಇಆರ್ ರೈಲಿಗೆ ಸೈಕಲ್‌ನ್ನು ಹಾಗೆಯೇ ಹತ್ತಿಸಬಹುದು, ಬಹುತೇಕ ಉಚಿತ; ಕೆಲವು ಪ್ರದೇಶಗಳಲ್ಲಿ ಬೇಸಿಗೆಗೆ ಜಾಗ ಕಾಯ್ದಿರಿಸಬೇಕು. ಟಿಜಿವಿಯಲ್ಲಿ ಸೈಕಲ್ ಜಾಗವಿಲ್ಲದಿದ್ದರೆ ಬಿಚ್ಚಿ 130 × 90 ಸೆಂ.ಮೀ. ಚೀಲಕ್ಕೆ ಹಾಕಬೇಕಾಗುತ್ತದೆ. ಪ್ಲಾಟ್‌ಫಾರಂ ಬದಲಿಸಲು ಮೆಟ್ಟಿಲೇ ಇರುವ ಸಣ್ಣ ನಿಲ್ದಾಣಗಳಲ್ಲಿ ಎರಡು ರೈಲುಗಳ ನಡುವೆ 20 ನಿಮಿಷವಾದರೂ ಬಿಡಿ: ಮೊದಲು ಚೀಲ ಬಿಚ್ಚಿ ಮೇಲಿಡಬೇಕು, ಆಮೇಲೆ ಸೈಕಲ್‌ಗೆ ಇಳಿದು ಬರಬೇಕು.