ಟಾಟಾ 207 ಕ್ಯಾಂಪರಿನ ಒಳಗೆ ಎರಡು ಮಳೆಗಾಲ

ನವರಾತ್ರಿ ಕಳೆದ ಮೇಲೆ ಕ್ಯಾಂಪರಿನ, ಅಂದರೆ ಪಿಕಪ್ಪಿನ ಬೆನ್ನ ಮೇಲೆ ಕೂರಿಸಿದ ಮಲಗುವ ಪೆಟ್ಟಿಗೆಯ, ಒಳಗೋಡೆಯ ನಾಲ್ಕು ಹಲಗೆ ಬಿಚ್ಚಿದೆ. ಹಿಂದುಗಡೆ ಕೈ ಹಾಕಿ ಸವರಿದೆ. ಬೆರಳಿಗೆ ಒಣ ಧೂಳು ಬಂತು, ಅಷ್ಟೇ. ಬೂಸ್ಟು ಒಂದು ಚುಕ್ಕೆ ಇಲ್ಲ, ವಾಸನೆಯೂ ಇಲ್ಲ. ಇದು ಎರಡನೇ ಮಳೆಗಾಲ. ಕಾಸರಗೋಡಿನ ಮಳೆ ಗೊತ್ತಲ್ವಾ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಸುರಿಯುತ್ತದೆ. ನಾನು ಮಾಡಿದ ಒಳಗಿನ ಕೆಲಸ ನೋಡಿ "ಇದು ಒಂದು ಆಟಿ ತಿಂಗಳ ಮಳೆ ದಾಟ್ಲಿಕ್ಕಿಲ್ಲ" ಅಂದಿದ್ದ ನಮ್ಮ ಬಡಗಿ ಆಚಾರ್ರನ್ನು ಕರೆದು ತೋರಿಸಿದೆ. ಅವರು ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿದರು. "ಆಯ್ತು ಮಾರಾಯ್ರೆ, ಇನ್ನು ಎಂತ ಹೇಳುದು" ಅಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಹಾಗಾಗಿ ಬರೆಯಲು ಕೂತೆ.

ನಾನು ಸೀಟು ಕೆಲಸದವನು. ಬದಿಯಡ್ಕ ಪೇಟೆಯಲ್ಲಿ ಜೀಪು, ಬಸ್ಸು, ರಿಕ್ಷಾಗಳ ಸೀಟು ಹೊಲಿಯುತ್ತಾ 20 ವರ್ಷ ಮಿಕ್ಕಿತು. ಫೋಮ್ ಹೇಗೆ ಕೊಯ್ಯುವುದು, ರೆಕ್ಸಿನ್ ಹೇಗೆ ಎಳೆಯುವುದು ಅಂತ ಇಲ್ಲಿ ಪಾಠ ಮಾಡುವುದಿಲ್ಲ. ಈ ಕೆಲಸದವರಿಗೆ ಅದೆಲ್ಲ ಗೊತ್ತು.

ನಮ್ಮ ಕಡೆ ಕ್ಯಾಂಪರ್ ಅಂದರೆ ಎಲ್ಲರಿಗೂ ಬೊಲೆರೊ ಕ್ಯಾಂಪರ್ ನೆನಪಾಗುತ್ತದೆ, ಎರಡು ಸಾಲು ಸೀಟಿನ ಪಿಕಪ್. ನಾನು ಹೇಳುತ್ತಿರುವುದು ಅದಲ್ಲ. ಇದು ಪಿಕಪ್ಪಿನ ಬೆನ್ನ ಮೇಲೆ ಕೂರುವ ಪೆಟ್ಟಿಗೆ. ಓಡುವಾಗ ಮಾಡು ತಗ್ಗಿರುತ್ತದೆ. ನಿಲ್ಲಿಸಿದ ಮೇಲೆ ಒಳಗಿನಿಂದ ದೂಡಿದರೆ ಎರಡಡಿ ಮೇಲೇಳುತ್ತದೆ, ನಡುವೆ ಬಟ್ಟೆಯ ಗೋಡೆ. ಅಮೆರಿಕದಲ್ಲಿ 1970ರ ದಶಕದಿಂದಲೇ ಇರುವ ನಮೂನೆ. ಉಪ್ಪಳದ ಕಡೆಯ ಒಬ್ಬರು ಗಲ್ಫಿನಿಂದ ಬಂದ ಹೊಸತರಲ್ಲಿ ಫೋಟೋ ಕೊಟ್ಟು ಟಾಟಾ 207ರ ಮೇಲೆ ಇದನ್ನು ಕಟ್ಟಿಸಿದ್ದರು. ಎರಡು ಸಲ ಮಡಿಕೇರಿಗೆ ಹೋದರಂತೆ. ಆಮೇಲೆ ಏಳು ವರ್ಷ ಅದು ಸೌದೆ ಕೊಟ್ಟಿಗೆಯಲ್ಲಿ ನಿಂತಿತ್ತು. ಗಾಡಿ ಸಮೇತ 85 ಸಾವಿರಕ್ಕೆ ನನಗೆ ಬಂತು. ಪೆಟ್ಟಿಗೆ ಆರ್‌ಸಿಯಲ್ಲಿ ಮೊದಲೇ ಸೇರಿತ್ತು. ಕೇರಳದಲ್ಲಿ ಗಾಡಿಯ ಹೊರಮೈ ಬದಲಿಸಿದರೆ ಆರ್‌ಟಿಒದವರು ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ಉದ್ದ, ಅಗಲ, ಎತ್ತರ ಏನನ್ನೂ ಮುಟ್ಟಲಿಲ್ಲ. ಒಳಗಿನ ಕೆಲಸ ಮಾತ್ರ.

ಬಾಗಿಲು ತೆಗೆದ ದಿನ ಹೆಂಡತಿ ಮೂಗು ಮುಚ್ಚಿಕೊಂಡು ಆಚೆ ಹೋದಳು. ನೆಲದ ಪ್ಲೈಗೆ ಚೂರಿ ಹಾಕಿದರೆ ಹಲಸಿನ ಹಣ್ಣಿಗೆ ಹಾಕಿದ ಹಾಗೆ ಇಳಿಯುತ್ತಿತ್ತು. ಎಡಮೂಲೆಯಲ್ಲಿ ಒರಲೆ ಮಣ್ಣಿನ ಗೆರೆ ಎಳೆದುಕೊಂಡು ಮಂಚದವರೆಗೆ ಹತ್ತಿತ್ತು. ಹಾಸಿಗೆಯೊಳಗೆ ಇಲಿ ಮರಿ ಹಾಕಿ ಹೋಗಿತ್ತು. ಬಟ್ಟೆಯ ಗೋಡೆ ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಮೇಲಿನ ಅಲ್ಯುಮಿನಿಯಂ ಶೀಟು ಮಾತ್ರ ಗಟ್ಟಿ.

ಮೊದಲ ವರ್ಷ ಎಲ್ಲರ ಮಾತು ಕೇಳಿದೆ. ಎಲ್ಲರದ್ದೂ ಒಂದೇ ಮಾತು: ಗಾಳಿ ನುಗ್ಗಲು ಜಾಗ ಬಿಡಬೇಡ, ಪ್ಯಾಕ್ ಮಾಡು. ಹಾಗೆಯೇ ಮಾಡಿದೆ. ಅಲ್ಯುಮಿನಿಯಂಗೆ ಒಂದಿಂಚಿನ ಥರ್ಮಕೋಲ್ ಅಂಟಿಸಿದೆ. ಅದರ ಮೇಲೆ 6 ಎಂಎಂ ಪ್ಲೈ, ಅದರ ಮೇಲೆ ಲ್ಯಾಮಿನೇಟ್, ಎಲ್ಲವೂ ಎಸ್‌ಆರ್ 998 ಅನ್ನುವ ಅಂಟು ಹಚ್ಚಿ ಅಂಟಿಸಿದ್ದು. ಸಂದಿಗೆಲ್ಲ ಸಿಲಿಕಾನ್. ಏಪ್ರಿಲಿನಲ್ಲಿ ಮುಗಿದಾಗ ನೋಡಲು ಮದುವೆ ಹಾಲಿನ ಗ್ರೀನ್ ರೂಮಿನ ಹಾಗಿತ್ತು. ಹರಿದ ಬಟ್ಟೆಯ ಬದಲಿಗೆ ಲಾರಿಗೆ ಹಾಕುವ ಪಿವಿಸಿ ಟಾರ್ಪಾಲು ಹೊಲಿದೆ. ನೀರು ಒಂದು ಹನಿ ಒಳಗೆ ಬರಲಿಕ್ಕಿಲ್ಲ ಅಂತ ಎದೆ ತಟ್ಟಿಕೊಂಡೆ.

ಜೂನ್ ಕೊನೆಗೆ ಇಬ್ಬರು ಅದರಲ್ಲಿ ಮಲಗಿ ನೋಡಿದೆವು, ಮನೆಯ ಅಂಗಳದಲ್ಲೇ. ಬೆಳಿಗ್ಗೆ ನಾಲ್ಕೂವರೆಗೆ ಹಣೆಯ ಮೇಲೆ ಹನಿ ಬಿತ್ತು. ಟಾರ್ಪಾಲು ಸೋರಿರಲಿಲ್ಲ. ನಮ್ಮದೇ ಉಸಿರು ತಣ್ಣಗಿನ ಪಿವಿಸಿಗೆ ತಾಗಿ ನೀರಾಗಿ ಇಳಿಯುತ್ತಿತ್ತು. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು, ಬೆವರು ಸೇರಿ ಅರ್ಧ ಲೀಟರಿಗೂ ಮಿಕ್ಕಿ ನೀರು. ಅದು ಎಲ್ಲಿಗೆ ಹೋಗಬೇಕು? ಹೊರಗೂ ಮಳೆ, ಒಳಗೂ ಮಳೆ. ಆಗಸ್ಟಿನಲ್ಲಿ ಲ್ಯಾಮಿನೇಟ್ ಉಬ್ಬಿತು. ಕಿತ್ತು ನೋಡಿದರೆ ಥರ್ಮಕೋಲ್ ಮತ್ತು ಅಲ್ಯುಮಿನಿಯಂ ನಡುವೆ ನೀರು ನಿಂತಿದೆ, ಪ್ಲೈಯ ಬೆನ್ನು ಇದ್ದಿಲಿನ ಹಾಗೆ ಕಪ್ಪು. ಅಂಟಿಸಿದ್ದನ್ನು ಬಿಚ್ಚಲು ಬಾರದು. ಎಲ್ಲ ಒಡೆದೇ ತೆಗೆದದ್ದು. 38 ಸಾವಿರ ಚಿಲ್ಲರೆ ನೀರಿಗೆ ಹೋಯಿತು, ಟಾರ್ಪಾಲಿನ 9 ಸಾವಿರ ಬೇರೆ.

ಬುದ್ಧಿ ಬಂದದ್ದು ಅಮ್ಮನ ಮನೆಯಲ್ಲಿ. ಹಳೆಯ ಹಂಚಿನ ಮನೆ. ಅಟ್ಟಕ್ಕೆ ಹತ್ತಿ ಸೌತೆಕಾಯಿ ಇಳಿಸುತ್ತಿದ್ದೆ. ಮುಚ್ಚಿಗೆಯ ಹಲಗೆಗಳಿಗೆ ಅಂಟು ಇಲ್ಲ, ಸಂದಿ ಸಂದಿಯಲ್ಲಿ ಬೆಳಕು ಕಾಣುತ್ತದೆ. ಎಪ್ಪತ್ತು ವರ್ಷದಿಂದ ಹಾಗೇ ಉಂಟು, ಒಂದು ಹಲಗೆಯೂ ಕುಂಬಾಗಿಲ್ಲ. ಗಾಳಿ ಆಡುತ್ತದೆ, ಒಣಗುತ್ತದೆ. ಅಷ್ಟೇ ವಿಷಯ.

ಎರಡನೇ ಸಲ ಉಲ್ಟಾ ಮಾಡಿದೆ. ಅಲ್ಯುಮಿನಿಯಂ ಶೀಟಿಗೆ ಎಸಿ ಡಕ್ಟಿಗೆ ಹಾಕುವ ನೈಟ್ರೈಲ್ ರಬ್ಬರ್ ಶೀಟನ್ನು ಅಂಟಿಸಿದೆ. ಇಲ್ಲಿ ಮಾತ್ರ ಒಂದು ಗುಳ್ಳೆಯೂ ಬಿಡಬಾರದು, ಕೈಯಲ್ಲಿ ಒತ್ತಿ ಒತ್ತಿ ಅಂಟಿಸಬೇಕು. ತಣ್ಣಗಿನ ಲೋಹಕ್ಕೆ ಗಾಳಿ ತಾಗಬಾರದು ಅನ್ನುವುದೇ ಲೆಕ್ಕ. ಅದರ ಮೇಲೆ ನಿಲುವಿಗೆ ರೀಪು, ಅಂದರೆ ಮರದ ಸಪೂರ ಪಟ್ಟಿ. ಅಡ್ಡಕ್ಕೆ ಹೊಡೆದರೆ ಗಾಳಿ ಮೇಲೆ ಹೋಗುವುದಿಲ್ಲ, ಇದನ್ನು ನೆನಪಿಡಿ. ರೀಪಿನ ಮೇಲೆ 6 ಎಂಎಂ ಮರೈನ್ ಪ್ಲೈ, ಐಎಸ್ 710 ಅಂತ ಮರೈನ್ ಗುಣಮಟ್ಟದ ಸೀಲ್ ಇರುವುದೇ ಬೇಕು. ಹಲಗೆಗೆ ಸ್ಕ್ರೂ ಮಾತ್ರ, ಅಂಟು ಇಲ್ಲವೇ ಇಲ್ಲ. ಹಿಂದೆ ಅರ್ಧ ಇಂಚು ಸಂದಿ. ಕೆಳಗೆ ಮುಕ್ಕಾಲು ಇಂಚು ತೆರೆದಿದೆ, ಮೇಲೆಯೂ ಅಷ್ಟೇ. ಮೇಲಿನ ಸಂದಿಗೆ ಕಂಪ್ಯೂಟರಿನ ಹಳೆ ಫ್ಯಾನ್ ಎರಡು ಕೂರಿಸಿ 12 ವೋಲ್ಟಿಗೆ ಕೊಟ್ಟೆ. ಒಂದಕ್ಕೆ 0.2 ಆಂಪಿಯರ್, ಹಗಲು ರಾತ್ರಿ ತಿರುಗಿದರೂ ಬ್ಯಾಟರಿಗೆ ಭಾರವಿಲ್ಲ. ಸಣ್ಣ ಸೋಲಾರ್ ಪ್ಯಾನೆಲ್ ತುಂಬಿಸಿಕೊಡುತ್ತದೆ. ಉಳಿದ ವಯರಿಂಗ್ ಎಲ್ಲರೂ ಮಾಡುವುದೇ, ಬರೆಯಲು ಏನಿಲ್ಲ.

ಆಚಾರ್ರು ನಕ್ಕದ್ದು ಇಲ್ಲಿ.

"ಸಂದಿ ಬಿಟ್ಟರೆ ಜಿರಳೆ ಬಂದು ಕೂರ್ತದೆ. ಮತ್ತೆ ಕಾಣದ ಕಡೆಗೆ ಪೇಂಟ್ ಎಂತದಕ್ಕೆ?"

"ಕಾಣದ ಕಡೆಯಿಂದಲೇ ಕೊಳೆಯುವುದು ಆಚಾರ್ರೆ" ಅಂದೆ.

ಸಂದಿಗೆ ಸೊಳ್ಳೆ ಬಲೆಯ ಪಟ್ಟಿ ಹೊಡೆದೆ, ಜಿರಳೆ ಬರಲಿಲ್ಲ. ಪ್ಲೈಯ ಬೆನ್ನಿಗೂ ಮುಖಕ್ಕೂ ಎರಡೆರಡು ಕೋಟು ಬಿದ್ದಿದೆ. ಅಂಚಿಗೆ ಮೂರು. ಅಂಚು ಅಂದರೆ ಸ್ಟ್ರಾ ಇದ್ದ ಹಾಗೆ, ನೀರು ಕುಡಿಯುವುದೇ ಅಲ್ಲಿಂದ. ತೂತು ಕೊರೆದಲ್ಲಿಯೂ ಬ್ರಷ್ಷಿನ ತುದಿಯಲ್ಲಿ ಒಳಗೆ ಹಚ್ಚಿದ್ದೇನೆ. ಬೇಸರದ ಕೆಲಸ. ಮೂರು ದಿನ ಅದಕ್ಕೇ ಹೋಯಿತು.

ಸ್ಕ್ರೂವಿನ ಕಥೆ ಹೇಳಲೇಬೇಕು. ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಅಂತ ಹೇಳಿ ಒಂದು ಅಂಗಡಿಯವರು ಕೊಟ್ಟರು. ನಾನು ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ, ಖುಷಿಯಾದೆ. ಅದಕ್ಕಿಂತ ಕಡಿಮೆ ದರ್ಜೆಯ 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ ಅಂತ ಗೊತ್ತಾದದ್ದು ಆಮೇಲೆ. ಒಂದೂವರೆ ತಿಂಗಳಲ್ಲಿ ಪ್ರತಿ ಸ್ಕ್ರೂವಿನ ಕೆಳಗೂ ಕಂದು ಗೆರೆ, ಗೋಡೆಗೆ ಕಾಡಿಗೆ ಕಣ್ಣಿಂದ ನೀರು ಇಳಿದ ಹಾಗೆ. ಸುಮಾರು 400 ಸ್ಕ್ರೂ ಬಿಚ್ಚಿ ಮತ್ತೆ ಹಾಕಿದೆ. ಈಗ ಹಾಕಿದ್ದು ಉಪ್ಪುಗಾಳಿ ತಡೆಯುವ 316 ದರ್ಜೆಯದ್ದು. ದೋಣಿಯವರು ತೆಗೆದುಕೊಳ್ಳುವಲ್ಲಿಂದ ತಂದದ್ದು, ಮಂಗಳೂರು ಬಂದರಿನಿಂದ. ಉಪ್ಪುಗಾಳಿಯ ವಿಷಯದಲ್ಲಿ ದೋಣಿಯವರ ಮಾತು ಕೇಳಬೇಕು, ಫರ್ನಿಚರಿನವರದ್ದಲ್ಲ.

ಅದೇ ದೋಣಿಯವರ ಮಾತು ಕೇಳಿ ರೀಪುಗಳಿಗೆ ಗೇರೆಣ್ಣೆಯನ್ನೂ ಹಚ್ಚಿದೆ. ಮರದ ದೋಣಿಗೆ ಹಿಂದಿನಿಂದಲೂ ಹಚ್ಚುವುದೇ, ಹುಳ ಹತ್ತಿರ ಬರುವುದಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ ಅಂತ ಗೊತ್ತಿದ್ದೂ ಗ್ಲೌಸ್ ಹಾಕದೆ ಉಜ್ಜಿದೆ. ಮೊಣಕೈವರೆಗೆ ಬೊಬ್ಬೆ ಎದ್ದು ಹತ್ತು ದಿನ ಹೊಲಿಗೆ ಮಿಷನ್ ಮುಟ್ಟಲಾಗಲಿಲ್ಲ. ಅಂಗಡಿಗೆ ಬಂದ ಬಸ್ಸಿನ ಸೀಟು ಬೇರೆಯವರ ಪಾಲಾಯಿತು. ಅದನ್ನೂ ಖರ್ಚಿಗೆ ಸೇರಿಸಬೇಕು.

ಇನ್ನು ಬಟ್ಟೆ. ಪಿವಿಸಿ ಕೈಬಿಟ್ಟು ದಪ್ಪ ಹತ್ತಿ ಕ್ಯಾನ್ವಾಸಿಗೆ ಬಂದೆ. ಅದು ಉಸಿರಾಡುತ್ತದೆ, ಆದರೆ ಬೂಸ್ಟಿಗೂ ಅದೇ ಇಷ್ಟ. ಆಗ ತಲೆಗೆ ಬಂದದ್ದು ಬೋರ್ಡೋ. ಅಡಿಕೆಯ ಕೊಳೆರೋಗವನ್ನು ತಡೆಯುವ ಮದ್ದು ಬಟ್ಟೆಯ ಬೂಸ್ಟನ್ನು ತಡೆಯದಾ? ತೋಟದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಾನು ಹತ್ತು ಲೀಟರಿಗೆ ನೂರು ನೂರು ಗ್ರಾಂ ಹಾಕಿ, ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಒಂದು ತುಂಡು ಕ್ಯಾನ್ವಾಸ್ ಅದ್ದಿದೆ. ಭಾವ ನೋಡಿ, "ಇದಕ್ಕೂ ಕೊಳೆರೋಗವಾ?" ಅಂತ ಊರಿಡೀ ಹೇಳಿಕೊಂಡು ಬಂದ. ಮದ್ದು ಕೆಲಸ ಮಾಡಿತು. ಮದ್ದು ಹಾಕದ ತುಂಡು ಮೂರು ವಾರದಲ್ಲಿ ಕಪ್ಪಾಯಿತು, ಅದ್ದಿದ ತುಂಡು ಹಾಗೇ ಉಳಿಯಿತು. ಆದರೆ ಒಣಗಿದ ಮೇಲೆ ಮುಟ್ಟಿದರೆ ನೀಲಿ ಪುಡಿ. ತಲೆದಿಂಬು ನೀಲಿ, ಬನಿಯನ್ ನೀಲಿ. ಅಂಚಿಗೆ ಹೊಡೆದಿದ್ದ ಕಬ್ಬಿಣದ ಪಿನ್ನುಗಳನ್ನು ಮೈಲುತುತ್ತು ತಿಂದು ಹಾಕಿತ್ತು. ತೋಟಕ್ಕೆ ಕಲಸುವಾಗ ಕಬ್ಬಿಣದ ಪಾತ್ರೆ ಮುಟ್ಟಬಾರದು ಅಂತ ಅಜ್ಜ ಹೇಳುತ್ತಿದ್ದದ್ದು ಆಗ ನೆನಪಾಯಿತು.

ಈಗ ಹಾಕಿರುವುದು ಬೇರೆ. ಮೈಲುತುತ್ತು ಅದರಲ್ಲೂ ಉಂಟು, ಸುಣ್ಣ ಇಲ್ಲ. ಪುಡಿ ಉದುರುವುದಿಲ್ಲ, ಮೇಲಿಂದ ಮೇಣ ಕೊಟ್ಟದ್ದರಿಂದ ಮಳೆ ಜಾರಿ ಹೋಗುತ್ತದೆ. ಏನು ಸೇರಿಸಿದೆ, ಎಷ್ಟು ಬಿಸಿಯಲ್ಲಿ ಅದ್ದಿದೆ ಅಂತ ಇಲ್ಲಿ ಬರೆಯುವುದಿಲ್ಲ. ಎಂಟು ತುಂಡು ಹಾಳು ಮಾಡಿ ಕಲಿತದ್ದು. ನಾಲ್ಕು ಮೂಲೆಯಲ್ಲಿ ಬಟ್ಟೆ ಒಳಗೆ ಮಡಚಿಕೊಳ್ಳುವ ಹಾಗೆ ಹೊಲಿದ ಕ್ರಮವೂ ಅಷ್ಟೇ. ಮಾಡು ಇಳಿಸುವಾಗ ಬಟ್ಟೆ ಸಿಕ್ಕಿಕೊಂಡು ಹರಿಯುವುದೇ ಅಲ್ಲಿ, ನನ್ನದು ಸಿಕ್ಕಿಕೊಳ್ಳುವುದಿಲ್ಲ. ದಾರ ಮಾತ್ರ ಹೇಳಿಬಿಡುತ್ತೇನೆ: ಪಾಲಿಯೆಸ್ಟರ್. ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ. ಜಿಪ್ ಪ್ಲಾಸ್ಟಿಕ್ ಹಲ್ಲಿನದ್ದು, 10 ನಂಬರ್.

ಮಾಡಿನ ಒಳಗೂ ರಬ್ಬರ್, ಹಲಗೆ ಬಂದು ಭಾರ ಹದಿನೈದು ಕಿಲೋ ಜಾಸ್ತಿಯಾಯಿತು. ದೂಡುವಾಗ ಬೆನ್ನು ಹಿಡಿಯಿತು. ಮಂಗಳೂರಿನ ಗುಜರಿಯಿಂದ ಕಾರಿನ ಡಿಕ್ಕಿಯ ಗ್ಯಾಸ್ ರಾಡ್ ನಾಲ್ಕು ತಂದೆ, ಒಟ್ಟು ಸಾವಿರ ರೂಪಾಯಿ. ಹಾಕಿ ಕೊಂಡಿ ತೆಗೆದದ್ದೇ ತಡ, ಮಾಡು ತಾನೇ ಜಿಗಿದು ಮೇಲೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಸಲು ನೋಡಿದರೆ ಇಳಿಯುವುದಿಲ್ಲ! ನಾನು, ಭಾವ, ಪಕ್ಕದ ಗ್ಯಾರೇಜಿನ ಹುಡುಗ ಮೂವರೂ ಜೋತುಬಿದ್ದೆವು. ಎರಡು ರಾಡ್ ಬಿಚ್ಚಿ ಎರಡು ಉಳಿಸಿದ ಮೇಲೆ ಸರಿಹೋಯಿತು. ಈಗ ಹೆಂಡತಿ ಒಬ್ಬಳೇ ಎತ್ತುತ್ತಾಳೆ, ಇಳಿಸುತ್ತಾಳೆ.

ಮಂಚದ ತಳಕ್ಕೆ ಇಡೀ ಪ್ಲೈ ಹಾಕಬೇಡಿ. ಹಾಸಿಗೆಯ ಅಡಿ ಒದ್ದೆಯಾಗುವುದು ಅದರಿಂದಲೇ. ನಾನು ಅಡಿಕೆ ಮರದ ಸಲಾಕೆ ಸೀಳಿಸಿ, ಕೆರೆಯಲ್ಲಿ ಒಂದು ತಿಂಗಳು ಮುಳುಗಿಸಿಟ್ಟು, ಒಣಗಿಸಿ, ಇಂಚು ಇಂಚು ಬಿಟ್ಟು ಹೊಡೆದೆ. ಅದರ ಮೇಲೆ ಒಂದಿಂಚು ರಬ್ಬರ್ ಹಾಕಿದ ತೆಂಗಿನ ನಾರಿನ ಶೀಟು, ಮೇಲೆ ಮೂರಿಂಚು 40 ಡೆನ್ಸಿಟಿ ಫೋಮ್. ಅಡಿಕೆ ಹಾಳೆಯನ್ನು ಗೋಡೆಯ ಒಳಗೆ ಹಾಕಿ ನೋಡುವ ಆಸೆಯೂ ಇತ್ತು. ಒಂದು ಹಲಗೆಯ ಹಿಂದೆ ಹಾಕಿದೆ. ಹದಿನೈದು ದಿನದಲ್ಲಿ ಅಣಬೆ! ಹಾಳೆ ತಟ್ಟೆಗೆ ಸೈ, ಗೋಡೆಗೆ ಬೇಡ.

ಎರಡನೇ ಸಲದ ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಗೋಡೆ ಮತ್ತು ಮಾಡಿನ ಪ್ಲೈಗೆ 14 ಸಾವಿರ, ನೆಲಕ್ಕೆ ಆರೂವರೆ. ರಬ್ಬರ್ ಶೀಟು 8, ಕ್ಯಾನ್ವಾಸ್ ಹಾಳು ಮಾಡಿದ್ದೂ ಸೇರಿ 11, ಹಾಸಿಗೆ 9, ಪೇಂಟ್ 4, ಸ್ಕ್ರೂ 3, ವಯರಿಂಗ್ 6. ಬ್ಯಾಟರಿ ಮನೆಯ ಇನ್ವರ್ಟರಿನದ್ದೇ ಹಳತು. 62 ಸಾವಿರದ ಹತ್ತಿರ. ಬಾಡಿ ಕಟ್ಟುವವರೊಬ್ಬರು ಇದೇ ಕೆಲಸಕ್ಕೆ ಎರಡೂಕಾಲು ಲಕ್ಷ ಹೇಳಿದ್ದರು, ಅದೂ ಥರ್ಮಕೋಲ್ ಹಾಕಿ. ನನ್ನ ಕೂಲಿ ಸೇರಿಸಿಲ್ಲ. ಮೊದಲ ವರ್ಷದ 47 ಸಾವಿರವನ್ನೂ ನಾನು ಸೇರಿಸುವುದಿಲ್ಲ, ಹೆಂಡತಿ ಸೇರಿಸುತ್ತಾಳೆ.

ಈ ಜುಲೈಯಲ್ಲಿ ಪಾಣತ್ತೂರು ದಾರಿಯಲ್ಲಿ ರಾಣಿಪುರಂ ಕಡೆಗೆ ಹೋಗಿ ಬುಡದಲ್ಲಿ ಎರಡು ರಾತ್ರಿ ನಿಲ್ಲಿಸಿದೆವು. ಮೋಡ ಗಾಡಿಯ ಮೇಲೆಯೇ ಕೂತಿತ್ತು. ಒಳಗೆ ಗಂಜಿ ಬೇಯಿಸಿದೆವು, ಎರಡೂ ಕಡೆಯ ಜಿಪ್ ಅರ್ಧ ತೆಗೆದಿಟ್ಟು. ಅದು ಬೂಸ್ಟಿಗಾಗಿ ಅಲ್ಲ, ಜೀವಕ್ಕಾಗಿ. ಮುಚ್ಚಿದ ಪೆಟ್ಟಿಗೆಯಲ್ಲಿ ಒಲೆ ಹಚ್ಚಬಾರದು. ಬೆಳಿಗ್ಗೆ ಬಟ್ಟೆಗೋಡೆ ಮುಟ್ಟಿದರೆ ತಂಪು, ಒದ್ದೆಯಲ್ಲ. ಹಾಸಿಗೆ ಎತ್ತಿ ಅಡಿ ನೋಡಿದೆ, ಬೆಚ್ಚಗೆ ಒಣಗಿತ್ತು.

ಬಾಗಿಲಿನ ರಬ್ಬರ್ ಬೀಡಿಂಗ್ ಒಂದು ಇನ್ನೂ ನನಗೆ ಬಗ್ಗಿಲ್ಲ. ಪಡುವಣದಿಂದ ಮಳೆ ಹೊಡೆದರೆ ಮೇಲಿನ ಮೂಲೆಯಿಂದ ಗಂಟೆಗೆ ನಾಲ್ಕೈದು ಹನಿ ಬೀಳುತ್ತದೆ. ಸದ್ಯಕ್ಕೆ ಕೆಳಗೆ ಒಂದು ಗೆರಟೆ ಇಟ್ಟಿದ್ದೇನೆ.